ಉಪ್ಪು ಮಜ್ಜಿಗೆ ಕುಡಿದ ಕರಿಬೇವು

ಆ ಕರಿಬೇವಿನ ಗಿಡ ನನ್ನದು. ಮದುವೆಯಾದ ವರ್ಷ ಧರ್ಮಪುರದ ತವರಿನಿಂದ ಬೇರು ಸಮೇತ ಕಿತ್ತು, ಒದ್ದೆ ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೊಸದುರ್ಗಕ್ಕೆ ತಂದು ಹಿತ್ತಲಲ್ಲಿ ನೆಟ್ಟೆ. ನಾಲ್ಕು ವರ್ಷ ಬೆಳೆಸಿದೆ. ಕೊಂದವರು ನಮ್ಮ ಅತ್ತೆ. ಕೆಟ್ಟ ಹೆಸರು ಬಂದದ್ದು ಮಾತ್ರ ನನಗೆ.

ನಮ್ಮ ಮನೆಯಲ್ಲಿ ಮುಟ್ಟಾದಾಗ ನಾನು ಕರಿಬೇವು ಮುಟ್ಟಬಾರದು, ಮುಟ್ಟಿದರೆ ಗಿಡ ಒಣಗುತ್ತದಂತೆ. ಅದೇ ಮೂರು ದಿನ ಅಡುಗೆ ಮಾತ್ರ ನಾನೇ ಮಾಡಬೇಕು. ದೇವರ ಕೋಣೆಗೆ ಮೈಲಿಗೆ, ಗಿಡಕ್ಕೆ ಮೈಲಿಗೆ, ಒಲೆಗೆ ಮಾತ್ರ ಇಲ್ಲ. ಅತ್ತೆಗೆ ಮಂಡಿ ನೋವಲ್ಲವೇ!

ಕರಿಬೇವಿನ ಬುಡಕ್ಕೆ ಹುಳಿ ಮಜ್ಜಿಗೆ ಹಾಕುವುದು ನಮ್ಮ ಕಡೆ ವಾಡಿಕೆ. ನಮ್ಮಮ್ಮ ಸಪ್ಪೆ ಮಜ್ಜಿಗೆಗೆ ನೀರು ಬೆರೆಸಿ ಹಾಕುತ್ತಿದ್ದಳು. ಅತ್ತೆ ಬೆಳಗ್ಗೆಯೇ ಇಡೀ ಪಾತ್ರೆಗೆ ಉಪ್ಪು ಬೆರೆಸಿಡುತ್ತಾರೆ, ಸಂಜೆ ಉಳಿದದ್ದನ್ನು ತಂದು ಗಿಡಕ್ಕೆ ಸುರಿಯುತ್ತಾರೆ. ಹೋದ ಬೇಸಿಗೆಯಲ್ಲಂತೂ ದಿನಾ ಸುರಿದರು.

“ಉಪ್ಪು ಹಾಕಿದ್ದು ಬ್ಯಾಡ್ರಿ ಅತ್ತೆ, ಬೇರು ಸುಡ್ತೈತೆ,” ಅಂದೆ.

“ನೀನು ಹುಟ್ಟೋಕೆ ಮುಂಚಿಂದ ಹಾಕ್ತಾ ಇದೀನಿ. ನಂಗೆ ಕಲಿಸ್ಬ್ಯಾಡ.”

ತಿಂಗಳೊಳಗೆ ಎಲೆಯ ಅಂಚು ಕಂದಿತು, ಆಮೇಲೆ ಗಿಡ ಬೋಳಾಯಿತು. ಅತ್ತೆ ಓಣಿಯ ಹೆಂಗಸರನ್ನೆಲ್ಲ ಹಿತ್ತಲಿಗೆ ಕರೆದು ತೋರಿಸಿದರು: “ನೋಡ್ರಮ್ಮ, ಬ್ಯಾಡ ಅಂದ್ರೂ ಮುಟ್ಟವ್ಳೆ. ಹೆಂಗ್ ಸುಟ್ಟೋಗೈತೆ ನೋಡ್ರಿ.”

ನಾನು ಮುಟ್ಟಿರಲಿಲ್ಲ. ಒಂದು ಸಲವೂ ಇಲ್ಲ. ನಾಲ್ಕು ವರ್ಷ ಅವರ ಮಾತು ಪಾಲಿಸಿದ್ದೆ, ದಡ್ಡಿಯ ಹಾಗೆ. ಗಂಡನ ಮುಖ ನೋಡಿದೆ. ಅವರು ಮೊಬೈಲ್ ನೋಡುತ್ತಾ ನಿಂತಿದ್ದರು. ಅವತ್ತು ಹತ್ತಿದ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ತವರಿಗೆ ಹೋಗಿ ಇನ್ನೊಂದು ಸಸಿ ತಂದೆ. ಈ ಸಲ ಮಹಡಿಯ ಮೇಲೆ ಕುಂಡದಲ್ಲಿ ನೆಟ್ಟೆ. ಅತ್ತೆ ಮೆಟ್ಟಿಲು ಹತ್ತಲಾರರು, ಅವರ ಮಜ್ಜಿಗೆಯೂ ಅಷ್ಟೇ. ಆ ಮೂರು ದಿನ ತಮ್ಮ ಮಗನ ಕೈಲಿ ಎಲೆ ತರಿಸಬೇಕೆಂದು ಅತ್ತೆಯ ಅಪ್ಪಣೆಯಾಗಿದೆ. ನಾನು ಗಂಡನನ್ನು ಕೇಳುವುದೇ ಇಲ್ಲ. ಮಿಕ್ಕ ದಿನ ಮರೆತರೂ ಆ ಮೂರು ದಿನ ತಪ್ಪದೆ ಮೇಲೆ ಹತ್ತಿ, ನನ್ನ ಕೈಯಾರೆ ಎಲೆ ಕಿತ್ತು ತಂದು ಒಗ್ಗರಣೆಗೆ ಹಾಕುತ್ತೇನೆ. ಗಿಡ ಈಗ ಸೊಂಟದೆತ್ತರ ಬಂದಿದೆ.

ಮೊನ್ನೆ ಮಧ್ಯಾಹ್ನ ಅತ್ತೆ ಎರಡನೇ ಸಲ ಸಾರು ಹಾಕಿಸಿಕೊಂಡು, “ಎಲೆ ಎಷ್ಟ್ ಘಮ ಐತೆ! ಮೈಲಿಗೆ ಕೈ ಬೀಳ್ದಂಗೆ ಬೆಳೆದೈತಲ್ಲ, ಅದಕ್ಕೆ,” ಅಂದರು.

“ಇನ್ನೊಂದು ಸೌಟು ಹಾಕ್ಲಾ ಅತ್ತೆ?” ಅಂದೆ. ಅವತ್ತು ನನ್ನ ಎರಡನೇ ದಿನ.