ಕಾರ್ಟನ್ ಕಟ್ಟುವ ಪಂಡಿತ

ಗಲ್ಫಿನ ರೂವಿಯ ನಮ್ಮ ಕಟ್ಟಡದಲ್ಲಿ ಯಾರು ಊರಿಗೆ ಹೊರಟರೂ ಕಾರ್ಟನ್ ಕಟ್ಟಲು ನನ್ನನ್ನೇ ಕರೆಯುತ್ತಿದ್ದರು. ಹಾಲಿನ ಪುಡಿಯ ಡಬ್ಬಕ್ಕೆ ಪೇಪರು ಸುತ್ತಿ, ಮೂಲೆಗಳಿಗೆ ಪೇಪರಿನ ಮುದ್ದೆ ತುರುಕಿ, ನೈಲಾನ್ ಹಗ್ಗ ಬಿಗಿಯುವುದು. ಮಂಗಳೂರಿನವರೆಲ್ಲ ಹೀಗೇ ಕಟ್ಟುತ್ತಾರೆ. ಆದರೂ ಈ ವಿದ್ಯೆ ನನ್ನಿಂದಲೇ ಶುರುವಾಯಿತೆಂಬ ಜಂಬ ನನಗೆ. ರಾಜಕೀಯದಲ್ಲೂ ಪಳಗಿದವನೆಂದುಕೊಂಡಿದ್ದೆ. ಕಾಲೇಜಿನಲ್ಲಿದ್ದಾಗ ಒಂದು ಬಂದ್ ದಿನ ಪೊಲೀಸರು ಹಿಡಿದು ಠಾಣೆಯಲ್ಲಿ ಕೂರಿಸಿ, ಉಪ್ಪಿಟ್ಟು ಕೊಟ್ಟು, ಸಂಜೆಗೆ ಬಿಟ್ಟಿದ್ದರು. ಆಫೀಸಿನಲ್ಲಿ ಅದನ್ನು ನನ್ನ ಸೆರೆವಾಸ ಎಂದು ಹೇಳಿಕೊಳ್ಳುತ್ತಿದ್ದೆ.

ತಾಳ್ಮೆಯಿಂದ ಕೇಳುತ್ತಿದ್ದವನು ಪಕ್ಕದ ಮೇಜಿನ ಸುಡಾನಿ ಅಕೌಂಟೆಂಟ್. ಮನೆಯೂ ನಮ್ಮ ಪಕ್ಕದ್ದೇ. ಅವನ ತಮ್ಮ ಖಾರ್ಟೂಮಿನಲ್ಲಿ ಮೇಷ್ಟ್ರು. ಜನ ಬ್ರೆಡ್ಡಿಗೆ ಸಾಲು ನಿಂತು ಸಾಯುತ್ತಿದ್ದಾರೆ, ಸರ್ಕಾರ ತೊಲಗಲಿ ಎಂದು ಸಭೆಯಲ್ಲಿ ಹೇಳಿ ಜೈಲು ಸೇರಿದ್ದ. ಉಬ್ಬಸದ ರೋಗಿ ಬೇರೆ. ಅವನಿಗೆ ಮಾತ್ರೆ, ಹಾಲಿನ ಪುಡಿ ತಲುಪಿಸಲು ಅಣ್ಣ ಹೊರಟಿದ್ದ.

ಅವನು ನಮಾಜು ಮುಗಿಸಿ ಬರುವಷ್ಟರಲ್ಲಿ ನಾನು ಕಾರ್ಟನ್ ಕಟ್ಟಿ ಅದರ ಮೇಲೆ ಕೂತಿದ್ದೆ. ಪೇಪರು ಎಲ್ಲಿ ಸಿಕ್ಕಿತು ಎಂದ. ನಿನ್ನ ಮಂಚದಡಿಯಲ್ಲಿ ಎಂದೆ, ಹೊಗಳಿಕೆ ಬರುತ್ತದೆಂದು ಕಾಯುತ್ತ. ಅವನು ನನ್ನನ್ನು ಎಬ್ಬಿಸಿ ಹಗ್ಗ ಕೊಯ್ದ.

"ಇದರಲ್ಲಿ ಒಂದು ಹಾಳೆ ಏರ್‌ಪೋರ್ಟಿನಲ್ಲಿ ಸಿಕ್ಕಿದ್ದರೂ ನಾನು ಖಲಾಸ್," ಎಂದ.

ಅವು ಅವನ ದೇಶದ ವಿರೋಧಿಗಳು ಹೊರನಾಡಿನಲ್ಲಿ ಅಚ್ಚು ಹಾಕಿಸುತ್ತಿದ್ದ ಪತ್ರಿಕೆಗಳು. ನನಗೆ ಅರಬ್ಬಿ ಎಂದರೆ ಬಲದಿಂದ ಎಡಕ್ಕೆ ಓಡುವ ಗೆರೆ, ಅಷ್ಟೇ.

ಸುದ್ದಿ ಕೇಳಿದ ನನ್ನ ಹೆಂಡತಿ, "ಓದ್ಲಿಕ್ಕೆ ಬಾರದ ಪೇಪರಿಗೆ ನೀವು ಎಂಥಕ್ಕೆ ಕೈ ಹಾಕಿದ್ದು?" ಎಂದು, ಊರಿನಿಂದ ಹಪ್ಪಳ ಸುತ್ತಿಕೊಂಡು ಬಂದಿದ್ದ ಕನ್ನಡ ಪೇಪರು ತಂದುಕೊಟ್ಟಳು. ಈ ಸಲ ಅವನು ಅದರಲ್ಲೇನಿದೆ ಎಂದು ಮೊದಲೇ ವಿಚಾರಿಸಿದ. ಓದಿ ಹೇಳಿದೆ: ಭ್ರಷ್ಟ ಸರ್ಕಾರ ತೊಲಗಲಿ ಎಂದು ವಿರೋಧ ಪಕ್ಷದ ನಾಯಕರ ಗುಡುಗು, ಫೋಟೋ ಸಮೇತ. ಅವನಿಗೆ ನಗು ತಡೆಯಲಾಗಲಿಲ್ಲ. ಅಲ್ಲಿ ಯಾರಿಗೂ ಓದಲು ಬಾರದು, ಇರಲಿ ಎಂದ.

ರಜೆ ಮುಗಿಸಿ ಬಂದಾಗ ಅವನು ಸೊರಗಿಹೋಗಿದ್ದ. ಮಾತ್ರೆ ತಲುಪಿತ್ತಂತೆ. ಜೈಲಿನವರು ಪೇಪರನ್ನು ತಿರುಗಿಸಿ ಮುರುಗಿಸಿ ನೋಡಿ ಒಳಗೆ ಬಿಟ್ಟರಂತೆ. ಅದರಲ್ಲೇನಿದೆ ಎಂದು ಇವನು ಪಿಸುಗುಟ್ಟಿದ ಮೇಲೆ ತಮ್ಮ ಆ ಫೋಟೋವನ್ನೇ ನೋಡುತ್ತ ಕೂತನಂತೆ.

"ಈ ಮನುಷ್ಯ ಈಗ ಯಾವ ಜೈಲಿನಲ್ಲಿದ್ದಾನೆ ಅಂತ ನಿನ್ನನ್ನು ಕೇಳಲು ತಮ್ಮ ಹೇಳಿದ್ದಾನೆ."

ಆ ನಾಯಕರು ಅಷ್ಟರಲ್ಲಿ ಆಳುವ ಪಕ್ಷ ಸೇರಿ ಮಂತ್ರಿಯಾಗಿದ್ದರು. ಮನೆಯಲ್ಲೇ ಇದ್ದಾರೆ ಎಂದೆ.

ಗೃಹಬಂಧನವೇ ಎಂದು ಅವನು ಮರುಗಿದ. "ಉಪ್ಪಿಟ್ಟಾದರೂ ಕೊಡುತ್ತಾರೆ ಅಲ್ಲವಾ?" ಎಂದು ಕೇಳಿದ.

ಕೊಡುತ್ತಾರೆ ಎಂದೆ.