ಜೋಯಿಡಾದ ನಕಲು

ಅಣ್ಣ ದಾಂಡೇಲಿಯ ಕಣ್ಣಿನ ಆಸ್ಪತ್ರೆಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ. ಆ ಆಸ್ಪತ್ರೆಗೆ ಹಳಿಯಾಳ, ಮುಂಡಗೋಡ, ಜೋಯಿಡಾಗಳಲ್ಲಿ ಒಂದೊಂದು ಸಣ್ಣ ಕೇಂದ್ರವಿತ್ತು. ಏಳನೇ ತರಗತಿಗೆ ಶಾಲೆ ಬಿಟ್ಟ ನನ್ನನ್ನು ಜೋಯಿಡಾ ಕೇಂದ್ರಕ್ಕೆ ಅಟೆಂಡರ್ ಆಗಿ ಸೇರಿಸಿದವನೂ ಅವನೇ. ಬಾಗಿಲು ತೆಗೆಯುವುದು, ಕಸ ಹೊಡೆಯುವುದು, ಕಣ್ಣಿಗೆ ಔಷಧಿ ಹಾಕಿಸಿಕೊಂಡವರನ್ನು ಕೈ ಹಿಡಿದು ಬೆಂಚಿನ ಮೇಲೆ ಕೂರಿಸುವುದು ನನ್ನ ಕೆಲಸ.

ಅಲ್ಲಿನ ಯಂತ್ರ ಕಣ್ಣಿನ ಒಳಗಿನ ಫೋಟೊ ತೆಗೆಯುತ್ತಿತ್ತು. ಆರು ತಿಂಗಳ ನಂತರ ಮತ್ತೆ ತೆಗೆದು, ಹಳೆಯದರ ಪಕ್ಕ ಇಟ್ಟು ನೋಡಿದರೆ ಕಣ್ಣು ಕೆಡುತ್ತಿದೆಯೋ ಇಲ್ಲವೋ ಡಾಕ್ಟರಿಗೆ ತಿಳಿಯುತ್ತದೆ. ಫೋಟೊಗಳೆಲ್ಲ ಮೂಲೆಯ ಕಪ್ಪು ಡಬ್ಬಿಯಂಥ ಸರ್ವರ್‌ನಲ್ಲಿದ್ದವು. ಅದು ಕೆಟ್ಟರೆ ಗತಿ ಏನೆಂದು ಅಣ್ಣ ದಾಂಡೇಲಿಯಲ್ಲಿ ಒಂದು ನಕಲು ಇಡುತ್ತಿದ್ದ. ಮೊದಲ ಸಲ ಇದ್ದದ್ದನ್ನೆಲ್ಲ ಹಾರ್ಡ್ ಡಿಸ್ಕಿಗೆ ತುಂಬಿ, ಟವೆಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಒಯ್ದ. ಜೋಯಿಡಾದ ನೆಟ್ ಲೈನಿನಲ್ಲಿ ಅಷ್ಟು ಕಳಿಸಲು ತಿಂಗಳುಗಟ್ಟಲೆ ಬೇಕಾಗುತ್ತಿತ್ತು. ಆಮೇಲೆ ದಿನಾ ಮಧ್ಯಾಹ್ನ ಎರಡಕ್ಕೆ ಹೊಸ ಫೋಟೊಗಳಷ್ಟೇ ತಾವಾಗಿ ಹೊರಡುವಂತೆ ಮಾಡಿದ.

"ನಡುವ ನಿಂತ್ರ ಈ ಬಟನ್ ಒತ್ತು. ಎಲ್ಲಿ ಬಿಟ್ಟಿತ್ತೋ ಅಲ್ಲಿಂದ ಹೋಗ್ತಾವ. ಪೂರಾ ಆದಮ್ಯಾಲ ಹಸರು ಗೆರಿ ಬರ್ತೈತಿ, ನನಗ ಫೋನ್ ಮಾಡು," ಅಂದಿದ್ದ.

ನಾನು "ಆತು" ಎಂದರೆ ಅವನು ರಜಿಸ್ಟರಿನಲ್ಲಿ ಜೋಯಿಡಾ ಆಗಿದೆ ಎಂದು ಬರೆಯುತ್ತಿದ್ದ. ಉಳಿದೆರಡು ಕೇಂದ್ರಗಳ ನಕಲನ್ನು ತೆರೆದು ನೋಡುತ್ತಿದ್ದ. ನನ್ನದನ್ನು ನೋಡುತ್ತಿರಲಿಲ್ಲ. ತಮ್ಮ ಹೇಳಿದ ಮೇಲೆ ಮುಗಿಯಿತು.

ಫೋಟೊ ಹೊರಟವೆಂದರೆ ಕಂಪ್ಯೂಟರಿನಲ್ಲಿ ಹೆಸರು ಬರೆದುಕೊಳ್ಳುವ ಸಿಸ್ಟರಿಗೆ ನೆಟ್ ಸಿಗುತ್ತಿರಲಿಲ್ಲ. "ನಿಮ್ಮಣ್ಣನ ಫೋಟೊ ಪಂಕ್ತಿಗೆ ಕುಂತಾವ ನೋಡ್ರಿ. ಅವು ಎದ್ದಮ್ಯಾಲನ ನಮ್ಮ ಊಟ," ಎನ್ನುತ್ತಿದ್ದಳು. ಹೋಳಿಗೆ ಮುಂಚೆ ಒಂದು ದಿನ ರೋಗಿಗಳ ಸಾಲು ಬಹಳ ಉದ್ದವಿತ್ತು. ನಾನು ಸರ್ವರ್‌ನ ನೆಟ್ ವೈರ್ ಕಿತ್ತೆ. ಸಾಲು ಕರಗಿತು. ನಾಲ್ಕಕ್ಕೆ ವೈರ್ ಸಿಕ್ಕಿಸಿದೆ. ಆಗ ಬಟನ್ ಒತ್ತಿದರೆ ಹಸಿರು ಗೆರೆ ಬರುವಾಗ ಏಳಾಗುತ್ತದೆ. ಬಾಗಿಲು ಹಾಕುವಾಗ ಮೇನ್ ಸ್ವಿಚ್ ಆರಿಸಬೇಕಾದ್ದರಿಂದ ಹಾಗೇ ಬಿಟ್ಟು ಹೋಗುವಂತಿಲ್ಲ. ಹಳಿಯಾಳದ ನನ್ನ ಮನೆಗೆ ನೇರ ಬಸ್ಸು ಐದೂವರೆಗೆ ಒಂದೇ.

ಒತ್ತಲಿಲ್ಲ. ಫೋನಿನಲ್ಲಿ "ಆತು" ಎಂದೆ. "ಶಾಬಾಸ್," ಅಂದ.

ಒಂದು ದಿನ ಬಿಟ್ಟದ್ದಕ್ಕೆ ಮರುದಿನ ಎರಡು ದಿನದ್ದು ಹೋಗಬೇಕು, ಇನ್ನಷ್ಟು ತಡ. ಹೀಗಾಗಿ ಆವತ್ತೂ ಕಿತ್ತೆ, ಮುಂದೆ ದಿನಾ ಕಿತ್ತು ಫೋನಿನಲ್ಲಿ "ಆತು" ಎನ್ನುತ್ತಾ ಹೋದೆ. ಸಿಸ್ಟರಿಗೆ ಅನುಕೂಲವಾಗಲಿ ಎಂದು ಮಾಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಸಾಲೇ ಇಲ್ಲದ ದಿನವೂ ಕಿತ್ತಿದ್ದೇನೆ.

ಮೇ ತಿಂಗಳಲ್ಲಿ, ಮಧ್ಯಾಹ್ನ ಮೂರರ ಸುಮಾರಿಗೆ, ಕರೆಂಟಿನ ಲೈನಿಗೆ ಬಡಿದ ಸಿಡಿಲಿಗೆ ಸರ್ವರ್ ಸುಟ್ಟುಹೋಯಿತು. ಮರುದಿನ ಅಣ್ಣ ಹೊಸದನ್ನು ತಂದ. "ಹೆದರಬ್ಯಾಡ್ರಿ, ನಿಮ್ಮ ಮಂದಿ ಕಣ್ಣೆಲ್ಲಾ ದಾಂಡೇಲ್ಯಾಗ ಅದಾವ," ಎಂದು ಸಿಸ್ಟರಿಗೆ ತಮಾಷೆ ಮಾಡಿದ. ಲ್ಯಾಪ್‌ಟಾಪಿನಲ್ಲಿ ದಾಂಡೇಲಿಯ ನಕಲು ತೆರೆದ. ಹೋಳಿಯಿಂದೀಚೆಗಿನ ಒಂದು ಫೋಟೊವೂ ಇರಲಿಲ್ಲ. ಎರಡು ಸಲ ಮೇಲಿಂದ ಕೆಳಗೆ ನೋಡಿದ.

"ಲೈನ್ ನಡುನಡುವ ಹೋಗಿತ್ತೇನೋ?"

"ಹೋಗಿರಬೇಕು ನೋಡಣ್ಣ."

ಡಾಕ್ಟರು ಫೋನಿನಲ್ಲಿ ಕೇಳಿದಾಗ ಅಣ್ಣ, "ನಾ ತಗದು ನೋಡಬೇಕಿತ್ರಿ. ನಂದ ತಪ್ಪು," ಎಂದ. ಅವನ ಚೀಲ ಹಿಡಿದು ನಾನು ಬಾಗಿಲಲ್ಲಿ ನಿಂತಿದ್ದೆ. ತಿಂಗಳೊಳಗೆ ಅವನನ್ನು ಕೆಲಸದಿಂದ ಬಿಡಿಸಿದರು.

ಫೋಟೊ ಹೋದವರನ್ನೆಲ್ಲ ಮತ್ತೆ ಕರೆಸಿದೆವು. ದೂರದ ಹಳ್ಳಿಯಿಂದ ನಡೆದು ಬಂದ ಒಬ್ಬ ಅಜ್ಜಿ, "ಹೋದ ಸಲ ನಾ ಕಣ್ಣು ಮುಚ್ಚಿದ್ನೇನು?" ಎಂದು ಕೇಳಿದಳು. "ಇಲ್ಲ ಅಜ್ಜಿ, ಮಶೀನ್ ಕೆಟ್ಟಿತ್ತು," ಎಂದೆ.

ಅಣ್ಣ ಈಗ ಮುಂಡಗೋಡದ ಒಂದು ಅಂಗಡಿಯಲ್ಲಿ ಪ್ರಿಂಟರ್ ರಿಪೇರಿ ಮಾಡುತ್ತಾನೆ. ಒಂದು ವರ್ಷದ ಮೇಲೆ ಅಲ್ಲಿಗೆ ಹೋಗಿ ಎಲ್ಲ ಹೇಳಿದೆ. ಬಿಚ್ಚಿಟ್ಟ ಪ್ರಿಂಟರಿನಿಂದ ಅವನು ತಲೆ ಎತ್ತಲಿಲ್ಲ.

"ಬಸ್ ತಪ್ಪತೈತಿ ಅಂತ ಒಂದು ಮಾತು ಅಂದಿದ್ರ, ರವಿವಾರ ನಾನ ಬಂದು ಕುಂತು ಕಳಸ್ತಿದ್ನಲ್ಲೋ," ಎಂದ. ಸ್ಕ್ರೂ ಒಂದನ್ನು ಬಿಗಿದು, "ಡಾಕ್ಟರಿಗೆ ಹೇಳಬ್ಯಾಡ. ನಿಂದೂ ಹೋಗ್ತೈತಿ," ಎಂದ.

ನಾನು ಹೇಳಿಲ್ಲ. ಇನ್ನೂ ಜೋಯಿಡಾದಲ್ಲೇ ಕೆಲಸದಲ್ಲಿದ್ದೇನೆ.