ನಂಬರು ತಣ್ಣಗಾಗಬೇಕು ಎನ್ನುವ ನಂಬರಕ್ಕ

ಬೆಳಗಿನ ಐದು ಗಂಟೆ. ಟೆಲಿಫೋನ್ ಕಚೇರಿಯ ಎರಡನೇ ಮಹಡಿಯಲ್ಲಿ ಯಂತ್ರಗಳಿಗೆಂದು ಹಾಕಿರುವ ಎ.ಸಿ. ಮನುಷ್ಯರನ್ನು ಗಡಗಡ ನಡುಗಿಸುತ್ತಿದೆ. ಸ್ವೆಟರಿನ ಮೇಲೆ ಶಾಲು ಹೊದ್ದ ಹೆಂಗಸೊಬ್ಬರು ಪರದೆಯ ಮುಂದೆ ಕೂತು ತಮ್ಮಷ್ಟಕ್ಕೆ ತಾವೇ ಮಾತಾಡಿಕೊಳ್ಳುತ್ತಿದ್ದಾರೆ. "ಹದಿನಾಲ್ಕು. ಐನೂರ ಆರು. ಆರು, ಸೊನ್ನೆ, ಐದು." ಹೊಸಬರು ನೋಡಿದರೆ ಪಾಪ, ಇವರಿಗೇನೋ ಆಗಿದೆ ಅಂದುಕೊಳ್ಳಬೇಕು. ಆಗಿರುವುದು ಇಷ್ಟೇ: ಯಾರದೋ ಮನೆಗೆ ಬ್ರಾಡ್‌ಬ್ಯಾಂಡ್ ಹೋಗಲು ಹೊಸ ದಾರಿಯೊಂದು ತಯಾರಾಗುತ್ತಿದೆ.

ಕಚೇರಿಯಲ್ಲಿ ಎಲ್ಲರೂ ಇವರನ್ನು ಕರೆಯುವುದು ನಂಬರಕ್ಕ ಎಂದೇ. ವಯಸ್ಸು ಐವತ್ತೊಂದು. ರಸ್ತೆಯ ಕೆಳಗೆ ಹೋಗುವ ಕೇಬಲ್ ಒಂದೇ ಆದರೂ ಅದರೊಳಗೆ ಸಾವಿರಾರು ಮನೆಗಳ ಸಿನಿಮಾ, ಪಾಠ, ಜಗಳ, ಮುದ್ದುಮಾತು ಎಲ್ಲ ಒಟ್ಟಿಗೇ ಹರಿಯುತ್ತವೆ. ಒಬ್ಬರದು ಇನ್ನೊಬ್ಬರ ಮನೆಗೆ ನುಗ್ಗಬಾರದಲ್ಲ, ಅದಕ್ಕೆ ಪ್ರತಿ ಗ್ರಾಹಕರಿಗೂ ಎರಡು ನಂಬರುಗಳ ಒಂದು ಜೋಡಿ. ಮೊದಲನೆಯದು ದಾರಿ, ಎರಡನೆಯದು ಆ ದಾರಿಯೊಳಗೆ ಅವರೊಬ್ಬರದೇ ಚಾನೆಲ್. ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ. ಕಚೇರಿಯ ಯಂತ್ರದಲ್ಲಿರುವ ಜೋಡಿಯೇ ಮನೆಯ ಮೋಡೆಮ್‌ನಲ್ಲೂ ಇರಬೇಕು. ಒಂದಂಕಿ ಆಚೀಚೆ ಆದರೂ ಎಲ್ಲ ಬಂದ್.

ಆರು ಸಾವಿರದ ನಾನೂರು ಚಿಲ್ಲರೆ ಸಂಪರ್ಕಗಳು ಇವರ ಸುಪರ್ದಿಯಲ್ಲಿವೆ. ವಾರಕ್ಕೆ ನಲವತ್ತು ಹೊಸ ಚಾನೆಲ್, ಮನೆ ಬದಲಿಸಿದವರದು ಇಪ್ಪತ್ತೈದು, ಬೇಡವೆಂದು ಬಿಟ್ಟವರದು ಹತ್ತು ಹದಿನೈದು. ಗ್ರಾಹಕರ ಫೋನು ಶುರುವಾಗುವ ಮೊದಲೇ ಮುಗಿಸಬೇಕಾದ ಕೆಲಸವಾದ್ದರಿಂದ ನಾಲ್ಕಕ್ಕೇ ಎದ್ದು ಬರುತ್ತಾರೆ. ಟೀ ಮಾಡಿ ಫ್ಲಾಸ್ಕಿಗೆ ತುಂಬಿಕೊಡುವುದು ಗಂಡನ ಪಾಳಿ. ಅವರು ದರ್ಜಿ. ಅತ್ತೆಗೆ ಮಾತ್ರ ಸೊಸೆಯ ಕೆಲಸ ಇವತ್ತಿಗೂ ತಮಾಷೆ. "ನಮ್ಮ ಸೊಸೆ ಕಾಣದೇ ಇರೋ ದಾರಿ ಹಾಕ್ತಾಳಂತೆ ಕಣ್ರೀ. ಕಾಣೋ ಕಸ ಮಾತ್ರ ನಾನೇ ಗುಡಿಸಬೇಕು," ಎಂದು ಅಕ್ಕಪಕ್ಕದವರಿಗೆ ಹೇಳುತ್ತಾರೆ. ಆದರೆ ಮನೆಯ ನೆಟ್ ಐದು ನಿಮಿಷ ನಿಂತರೂ ಕಚೇರಿಗೆ ಮೊದಲ ಫೋನು ಬರುವುದು ಅತ್ತೆಯದೇ.

ಇಪ್ಪತ್ತೆರಡನೇ ವಯಸ್ಸಿಗೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಆಪರೇಟರ್ ಆಗಿ ಸೇರಿದವರು ನಂಬರಕ್ಕ. ಹನ್ನೊಂದು ವರ್ಷದ ಮೇಲೆ ಆ ಕೆಲಸವೇ ಇಲ್ಲವಾಯಿತು. ಜತೆಯವರು ಒಬ್ಬೊಬ್ಬರೇ ಮನೆಗೆ ಹೋದರು. ಇವರು ಕಂಕುಳಲ್ಲೊಂದು, ಕೈಯಲ್ಲೊಂದು ಮಗು ಇಟ್ಟುಕೊಂಡು ದಪ್ಪ ಕೈಪಿಡಿ ಓದಿದರು. "ಅರ್ಧ ಅರ್ಥ ಆಗ್ತಿರಲಿಲ್ಲ. ಇನ್ನರ್ಧ ಓದೋಷ್ಟರಲ್ಲಿ ಮಗು ಅಳ್ತಿತ್ತು. ಹೇಗೋ ಕಲಿತೆ, ಬಿಡಿ," ಎನ್ನುತ್ತಾರೆ. ಹದಿನೆಂಟು ವರ್ಷ ಅಂಕಿ ನೋಡಿ ನೋಡಿ ಕನ್ನಡಕದ ಗಾಜು ದಪ್ಪವಾಗಿದೆ. ಸೊಂಟ ನೋವು ಪ್ರತ್ಯೇಕ.

ಈ ಕೆಲಸದಲ್ಲಿ ಅವರೇ ಮಾಡಿಕೊಂಡ ಮೂರು ಕಟ್ಟಳೆಗಳಿವೆ. ಒಂದು, ಹಾಕಿದ ನಂಬರನ್ನು ಹಿಂದಿನಿಂದ ಮುಂದಕ್ಕೆ ಓದಬೇಕು. "ಮುಂದಿನಿಂದ ಓದಿದ್ರೆ ಕಣ್ಣು ಸುಳ್ಳು ಹೇಳುತ್ತೆ. ಇರಬೇಕು ಅಂದ್ಕೊಂಡಿದ್ದನ್ನೇ ತೋರಿಸುತ್ತೆ." ಇನ್ನೊಂದು, ಯಾವುದೇ ಚಾನೆಲ್ ಅಳಿಸುವ ಮೊದಲು ಆ ಗ್ರಾಹಕರಿಗೆ ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಫೋನ್ ಮಾಡಬೇಕು. ಮೂರನೆಯದಕ್ಕೆ ಸಹೋದ್ಯೋಗಿಗಳು ಬಿದ್ದು ಬಿದ್ದು ನಗುತ್ತಿದ್ದರು: ಅಳಿಸಿದ ನಂಬರು ನಲವತ್ತು ದಿನ ತಣ್ಣಗಾಗಬೇಕು. ಅಲ್ಲಿಯವರೆಗೆ ಇನ್ಯಾರಿಗೂ ಕೊಡಬಾರದು. "ತಪ್ಪಾಗಿ ಅಳಿಸಿದ್ರೆ ವಾಪಸ್ ಕೊಡೋಕೆ ನಂಬರ್ ಉಳಿದಿರ್ಬೇಕಲ್ವಾ? ನಾನೂ ಮನುಷ್ಯಳೇ," ಎನ್ನುತ್ತಾರೆ.

ಆ ಮಾತಿನ ಹಿಂದೆ ಕಳೆದ ವರ್ಷದ ಒಂದು ಮುಂಜಾನೆಯಿದೆ.

ಆಗಷ್ಟೇ ಹೊಸ ಸಾಫ್ಟ್‌ವೇರ್ ಬಂದಿತ್ತು. ತೊಂಬತ್ತು ದಿನ ಒಂದಕ್ಷರವೂ ಹರಿಯದ ಚಾನೆಲ್‌ಗಳ ಪಟ್ಟಿಯನ್ನು ಅದು ಮಾಡಿಕೊಟ್ಟಿತು. ಮುನ್ನೂರ ಹನ್ನೆರಡು. ಎರಡು ದಿನದಲ್ಲಿ ಅಳಿಸಿ ಮುಗಿಸಿ ಎಂದು ಮೇಲಿನವರ ಅಪ್ಪಣೆ. ಪಟ್ಟಿಯಲ್ಲೊಂದು ಸಾಲು: ದಾರಿ ಹದಿನಾಲ್ಕು, ಚಾನೆಲ್ ಮುನ್ನೂರ ಇಪ್ಪತ್ತೇಳು, 'ಉಗ್ರಾಣ, ಹಿಂದಿನ ಕೋಣೆ'. ನೂರ ನಲವತ್ತೆರಡು ದಿನದಿಂದ ಸದ್ದಿಲ್ಲ. ಅದೇ ಬೀದಿಯಲ್ಲಿ ಬಾಗಿಲು ಮುಚ್ಚಿದ ಚಪ್ಪಲಿ ಉಗ್ರಾಣವೊಂದಿತ್ತು, ಅದೇ ಇರಬೇಕೆಂದು ನಂಬರಕ್ಕ ಅಂದುಕೊಂಡರು. ಊಟದ ಹೊತ್ತಿನಲ್ಲಿ ಒಂದೇ ಒಂದು ಸಲ ಫೋನ್ ಮಾಡಿದರು. ಯಾರೂ ಎತ್ತಲಿಲ್ಲ. ಅವಸರದಲ್ಲಿ ಇನ್ನೆರಡು ಸಲ ಮಾಡಲೇ ಇಲ್ಲ. ಅಳಿಸಿದರು.

ಮರುದಿನ ಬೆಳಿಗ್ಗೆ ಐದಕ್ಕೆ ಬಂದವರು ವಿದ್ಯುತ್ ಕಚೇರಿ ಕಳಿಸಿದ್ದ ಚೀಟಿ ನೋಡಿದರು. ಆ ಬೀದಿಯಲ್ಲಿ ಆರರಿಂದ ಏಳೂವರೆಯವರೆಗೆ ಕರೆಂಟ್ ಇಲ್ಲ. ಯಾರ್‍ಯಾರ ಸಂಪರ್ಕ ಇದೆಯೆಂದು ತಮ್ಮ ಹಳೆಯ ಪೆನ್ಸಿಲ್ ರಿಜಿಸ್ಟರ್ ತೆಗೆದರು. ಮುನ್ನೂರ ಇಪ್ಪತ್ತೇಳರ ಮುಂದೆ ಅವರದೇ ಅಕ್ಷರದಲ್ಲಿತ್ತು: 'ಲಸಿಕೆ ಉಗ್ರಾಣದ ಅಲಾರಂ. ಯಾವಾಗಲೂ ಸುಮ್ಮನಿರುತ್ತದೆ. ಮುಟ್ಟಬಾರದು.'

ಮಕ್ಕಳ ಲಸಿಕೆ ಇಡುವ ಫ್ರಿಜ್ಜು. ಕರೆಂಟ್ ಹೋದರೆ ಜನರೇಟರ್ ತಾನೇ ಹತ್ತಬೇಕು. ಹತ್ತದಿದ್ದರೆ ಬ್ಯಾಟರಿಯಿರುವ ಪುಟ್ಟ ಪೆಟ್ಟಿಗೆಯೊಂದು ಈ ಚಾನೆಲ್ ಮೂಲಕ ಉಗ್ರಾಣದ ಮೇಲ್ವಿಚಾರಕರ ಮೊಬೈಲಿಗೆ ಸುದ್ದಿ ಮುಟ್ಟಿಸುತ್ತದೆ. ಎಲ್ಲ ಸರಿಯಿದ್ದಷ್ಟು ದಿನ ಅದಕ್ಕೆ ಹೇಳಲು ಏನೂ ಇರುವುದಿಲ್ಲ. ಅದರ ಮೌನವನ್ನೇ ನಂಬರಕ್ಕ ಸಾವೆಂದು ತಿಳಿದಿದ್ದರು. ಉಗ್ರಾಣಕ್ಕೆ ಫೋನ್ ಮಾಡಿದರೆ ಬೀಗ ಹಾಕಿದ ಕೋಣೆಯಲ್ಲಿ ಗಂಟೆ ಬಾರಿಸಿತು, ಅಷ್ಟೇ. ಮೇಲ್ವಿಚಾರಕರ ಮೊಬೈಲ್ ನಂಬರು ಇವರಲ್ಲಿರಲಿಲ್ಲ.

ಅಳಿಸಿದ ಚಾನೆಲ್ಲನ್ನು ಮತ್ತೆ ಹಾಕುವುದು ಎರಡು ನಿಮಿಷದ ಕೆಲಸ. ಆದರೆ ಹೊಸ ಸಾಫ್ಟ್‌ವೇರಿಗೆ ತಣ್ಣಗಾಗುವುದೆಂದರೇನು ಗೊತ್ತು? ಖಾಲಿ ಕಂಡ ನಂಬರನ್ನು ಹಿಂದಿನ ಸಂಜೆಯೇ ಹೊಸ ಗ್ರಾಹಕರೊಬ್ಬರಿಗೆ ಕೊಟ್ಟುಬಿಟ್ಟಿತ್ತು. ಉಗ್ರಾಣದ ಪೆಟ್ಟಿಗೆಯಲ್ಲಿ ಕೂತಿರುವುದು ಅದೇ ನಂಬರು. ಬೀಗ ತೆಗೆಯದೆ ಅದನ್ನು ಬದಲಿಸುವಂತಿಲ್ಲ. ಉಳಿದದ್ದು ಒಂದೇ ದಾರಿ, ಹೊಸಬರಿಂದ ನಂಬರು ವಾಪಸ್ ಪಡೆಯುವುದು.

ಐದೂವರೆಗೆ ಆ ಹೊಸಬರಿಗೆ ಫೋನ್ ಹೋಯಿತು. ಅವರು ಮನೆಯಿಂದಲೇ ನೆಟ್‌ನಲ್ಲಿ ವ್ಯಾಯಾಮ ಕಲಿಸುವ ಮೇಷ್ಟ್ರು.

"ಸಾರ್, ಟೆಲಿಫೋನ್ ಕಚೇರಿಯಿಂದ. ನನ್ನಿಂದ ಒಂದು ತಪ್ಪಾಗಿದೆ. ನಿಮಗೆ ಕೊಟ್ಟಿರೋ ನಂಬರ್ ವಾಪಸ್ ಬೇಕು."

"ಮೇಡಂ, ನಿನ್ನೆ ತಾನೇ ಕನೆಕ್ಷನ್ ಕೊಟ್ರಿ. ಆರಕ್ಕೆ ಕ್ಲಾಸಿದೆ. ನಲವತ್ತು ಜನ ಬಗ್ಗಿ ನಿಂತಿರ್ತಾರೆ, ಏಳಿ ಅನ್ನೋಕಾದ್ರೂ ನಾನು ಬೇಡ್ವಾ?"

ಕಚೇರಿಯಿಂದಲೇ ಕಿತ್ತುಕೊಂಡು ಫೋನಿಡಬಹುದಿತ್ತು. ಹಾಗೆ ಮಾಡಲು ನಂಬರಕ್ಕನಿಗೆ ಮನಸ್ಸು ಬರಲಿಲ್ಲ. ಫ್ರಿಜ್ಜಿನ ವಿಷಯ ಇದ್ದದ್ದು ಇದ್ದ ಹಾಗೆ ಹೇಳಿದರು. ಮೇಷ್ಟ್ರು, "ಹೇಳಿ, ಏನ್ ಒತ್ಬೇಕು?" ಅಂದರು. ಮೋಡೆಮ್‌ನ ಪುಟ ತೆರೆಸಿ, ಹೊಸ ಚಾನೆಲ್ ನಾನೂರ ಹದಿನೆಂಟು ಎಂದು ಹೇಳಿ ಬರೆಸಿದ್ದಾಯಿತು. ನೆಟ್ ಬರಲಿಲ್ಲ. ಗಡಿಯಾರ ಐದು ಐವತ್ತೊಂದು ತೋರಿಸುತ್ತಿತ್ತು.

"ಸಾರ್, ಹಾಕಿರೋದನ್ನ ಹಿಂದಿನಿಂದ ಓದಿ."

"ಒಂದು, ಎಂಟು, ನಾಲ್ಕು."

"ಅಲ್ಲಿದೆ ನೋಡಿ. ಎಂಟು ಕೊನೆಗೆ ಬರ್ಬೇಕು, ಒಂದು ಮಧ್ಯದಲ್ಲಿ."

ನೆಟ್ ಬಂತು. ಐದು ಐವತ್ತಾರಕ್ಕೆ ಮುನ್ನೂರ ಇಪ್ಪತ್ತೇಳು ತನ್ನ ಹಳೆಯ ಜಾಗಕ್ಕೆ ಮರಳಿತು. ನಂಬರಕ್ಕ ಕುರ್ಚಿಗೆ ಒರಗಿ ನೀರು ಕುಡಿದರು. ಆರಕ್ಕೆ ಚೀಟಿಯಲ್ಲಿದ್ದಂತೆಯೇ ಆ ಬೀದಿಯ ಕರೆಂಟ್ ಹೋಯಿತು. ಆರು ಗಂಟೆ ಏಳು ನಿಮಿಷಕ್ಕೆ ಪರದೆಯ ಮೇಲೆ, ಮುನ್ನೂರ ಇಪ್ಪತ್ತೇಳರ ಎದುರು ಹರಿವಿನ ಲೆಕ್ಕದಲ್ಲಿದ್ದ ಸೊನ್ನೆ ಒಂದಾಯಿತು, ಎರಡಾಯಿತು, ಒಂಬತ್ತಾಯಿತು. "ಮೊದಲು ಖುಷಿಯಾಯ್ತು, ಜೀವ ಬಂತಲ್ಲ ಅಂತ. ಆಮೇಲೆ ಹೊಳೀತು. ಅದು ಬಾಯಿ ಬಿಡೋದು ಏನಾದ್ರೂ ಕೆಟ್ಟಾಗ ಮಾತ್ರ ಅಲ್ವಾ?"

ಉಗ್ರಾಣಕ್ಕೆ ಫೋನಿನ ಮೇಲೆ ಫೋನು. ಆರೂವರೆಗೆ ಯಾರೋ ಏದುಸಿರಿನಲ್ಲಿ ಎತ್ತಿಕೊಂಡರು. ಮೇಲ್ವಿಚಾರಕರೇ.

"ಅಲಾರಂ ಬಂತಾ ಸಾರ್?"

"ಬಂದಿದ್ದಕ್ಕೇ ಅಲ್ವೇನಮ್ಮ ನಾನಿಲ್ಲಿರೋದು. ಜನರೇಟರ್ ಹತ್ತಲಿಲ್ಲ. ಕೈಯಲ್ಲೇ ಹತ್ತಿಸಿದೆ. ಲಸಿಕೆ ತಣ್ಣಗಿದೆ. ಆದ್ರೆ ನಿಮಗ್ಹೇಗೆ ಗೊತ್ತಾಯ್ತು?"

ಆಮೇಲೆ ಹೇಳ್ತೀನಿ ಸಾರ್ ಎಂದು ನಂಬರಕ್ಕ ಫೋನಿಟ್ಟು ಶಾಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರಂತೆ. ಮೈಮೇಲಿನ ಹೊರೆ ಇಳಿದ ಅಳು ಅದು.

ಏನೂ ಆಗಲಿಲ್ಲವಲ್ಲ, ಬಿಟ್ಟುಬಿಡಿ ಎಂದರು ಮೇಲಿನ ಸಾಹೇಬರು. ನಂಬರಕ್ಕ ಬಿಡಲಿಲ್ಲ. 'ಅಳಿಸಿದ್ದು ನಾನೇ, ಒಂದೇ ಸಲ ಫೋನ್ ಮಾಡಿದ್ದೆ' ಎಂದು ಬರೆದುಕೊಟ್ಟು, ಸಾಫ್ಟ್‌ವೇರಿನಲ್ಲಿ ನಲವತ್ತು ದಿನದ ತಡೆ ಹಾಕಿಸಿ ಎಂದೂ ಸೇರಿಸಿದರು. ಸಾಹೇಬರು ತಿಂಗಳೊಳಗೆ ಹಾಕಿಸಿದರು. ನಗುತ್ತಿದ್ದ ಸಹೋದ್ಯೋಗಿಗಳು ಈಗ ತಾವೇ ಹೊಸಬರಿಗೆ ಹೇಳುತ್ತಾರೆ, "ತಣ್ಣಗಾಗಲಿ, ಮುಟ್ಟಬೇಡ" ಎಂದು.

ಅದೇ ವಾರ ಅರ್ಧ ದಿನ ರಜೆ ಹಾಕಿ ನಂಬರಕ್ಕ ಲಸಿಕೆ ಉಗ್ರಾಣಕ್ಕೂ ಹೋಗಿಬಂದರು. ಇಷ್ಟು ವರ್ಷದಲ್ಲಿ ತಾವು ಹಾಕಿದ ಚಾನೆಲ್ಲಿನ ಆ ಕಡೆಯ ತುದಿಯನ್ನು ಅವರು ನೋಡಿದ್ದು ಅದೇ ಮೊದಲು. ಮೇಲ್ವಿಚಾರಕರ ಮುಂದೆ ನಿಂತು ಎಲ್ಲ ಒಪ್ಪಿಕೊಂಡರು. ಅವರು, "ಲೈನ್ ಅಳಿಸಿದ್ದು ನೀವು. ಜನರೇಟರ್ ಪರೀಕ್ಷೆ ಮಾಡ್ದೆ ಬಿಟ್ಟಿದ್ದು ನಾನು. ಲೆಕ್ಕ ಸಮ ಆಯ್ತು, ಕೂತ್ಕೊಳ್ಳಿ," ಎಂದು ಕುರ್ಚಿ ಎಳೆದರು.

ಅಂದು ಲಸಿಕೆಯ ದಿನ. ಹೊರಗಿನ ಜಗಲಿಯಲ್ಲಿ ಮಕ್ಕಳನ್ನೆತ್ತಿಕೊಂಡ ತಾಯಂದಿರ ಸಾಲಿತ್ತು. ನಂಬರಕ್ಕ ಕಂಬಕ್ಕೊರಗಿ ತುಂಬ ಹೊತ್ತು ನಿಂತರು. "ಸೂಜಿ ಚುಚ್ಚಿದ್ದೇ ತಡ, ಒಂದು ಮಗು ಬೀದಿಗೆಲ್ಲ ಕೇಳೋ ಹಾಗೆ ಕಿರುಚ್ತು ನೋಡಿ," ಎನ್ನುವಾಗ ಅವರ ಮುಖವೆಲ್ಲ ನಗು. "ಅವರಮ್ಮ ಪಾಪ ಸಮಾಧಾನ ಮಾಡ್ತಿದ್ಳು. ನಾನು ಮಾತ್ರ ಮನಸ್ಸಲ್ಲೇ ಅಂದ್ಕೊಂಡೆ, ಅಳು ಕಂದ, ಇನ್ನೂ ಜೋರಾಗಿ ಅಳು."